ಓದು ಬಿಟ್ಟು ಕೆಲಸಕ್ಕೆ ಸೇರಲೇ? ಪದೇ ಪದೇ ಕೇಳುವ ಪ್ರಶ್ನೆಗಳು

ಪದವಿಯ ನಡುವೆ ಕೆಲಸ ಸಿಕ್ಕವರು, ಇಲ್ಲವೇ ಕೆಲಸ ಹುಡುಕಿಕೊಂಡು ಪದವಿ ಬಿಡಲು ಹೊರಟವರು ಕೇಳುವ ಪ್ರಶ್ನೆಗಳಿವು. ನಾನೂ ಮೂರನೇ ವರ್ಷದ ನಡುವೆ ಓದು ಬಿಟ್ಟವನು. ಆರು ವರ್ಷದ ಮೇಲೆ ಮರಳಿ ಬಂದು ಮುಗಿಸಿದೆ. ಆಮೇಲೆ ಬಹಳ ಕಾಲ ವಿದ್ಯಾರ್ಥಿಗಳಿಗೆ ಸಲಹೆ ಕೊಡುವ ಮೇಜಿನ ಹಿಂದೆ ಕೂತೆ. ಆ ಮೇಜಿನ ಎರಡೂ ಬದಿಯಿಂದ ಕಂಡದ್ದನ್ನು ಮೊದಲೇ ಹೇಳಿಬಿಡುತ್ತೇನೆ: ಓದು ಬಿಟ್ಟದ್ದಕ್ಕೆ ಪರದಾಡಿದವರಿಗಿಂತ, ಹೇಳದೆ ಕೇಳದೆ ಬಿಟ್ಟದ್ದಕ್ಕೆ ಪರದಾಡಿದವರನ್ನೇ ಹೆಚ್ಚು ನೋಡಿದ್ದೇನೆ. ಹಾಗಾಗಿ ಇಲ್ಲಿ ‘ಬಿಡಬೇಕೇ’ ಎಂಬುದರ ಜೊತೆಗೆ ‘ಬಿಡುವುದಾದರೆ ಹೇಗೆ’ ಎಂಬುದಕ್ಕೂ ಸಾಕಷ್ಟು ಜಾಗ ಸಿಕ್ಕಿದೆ.

ಕೆಲಸ ಕೈಗೆ ಬಂದಿದೆ, ಓದು ಮುಗಿದಿಲ್ಲ. ಒಂದೇ ಮಾತಿನಲ್ಲಿ ಹೇಳಿ: ಬಿಡಲೋ, ಬೇಡವೋ?

ಒಂದೇ ಮಾತಿನಲ್ಲಿ ಹೇಳುವವರ ಮಾತು ಕೇಳಬೇಡಿ. ಮೂರು ಸಂಗತಿ ತಿಳಿಯದೆ ಇದಕ್ಕೆ ಯಾರೂ ಉತ್ತರ ಕೊಡಲಾರರು. ಓದು ಇನ್ನೆಷ್ಟು ಬಾಕಿ ಇದೆ? ಈ ಕೆಲಸದಲ್ಲಿ ಎರಡು ವರ್ಷ ಕಳೆದರೆ ಕೈಗೆ ಏನು ಬರುತ್ತದೆ? ಮನಸ್ಸು ಬದಲಾದರೆ ವಾಪಸ್ ಬರಲು ದಾರಿ ಇದೆಯೇ? ಮೊದಲ ಎರಡಕ್ಕೆ ನಿಮ್ಮಲ್ಲೇ ಉತ್ತರ ಇರುತ್ತದೆ. ಮೂರನೆಯದನ್ನು ಕಾಲೇಜಿನ ಕಚೇರಿಗೆ ಹೋಗಿ ಕೇಳಬೇಕು, ಬಹುತೇಕರು ಕೇಳುವುದಿಲ್ಲ.

ಗಾಳಿ ಬಂದಾಗ ತೂರಿಕೋ ಎನ್ನುತ್ತಾರೆ, ನಿಜ. ಆದರೆ ಬಂದದ್ದು ಗಾಳಿಯೋ ಸುಂಟರಗಾಳಿಯೋ ಎಂದು ನೋಡಲು ನಾಲ್ಕು ದಿನ ಬೇಕು. ಆ ನಾಲ್ಕು ದಿನವನ್ನೂ ಕೊಡದೆ ‘ನಾಳೆಯೇ ಬಂದು ಸೇರಿ’ ಎನ್ನುವ ಕೆಲಸದ ಬಗ್ಗೆ ನನಗಂತೂ ಅನುಮಾನ.

ಬಿಲ್ ಗೇಟ್ಸ್, ಜುಕರ್‌ಬರ್ಗ್, ಸ್ಟೀವ್ ಜಾಬ್ಸ್ ಎಲ್ಲರೂ ಓದು ಬಿಟ್ಟವರೇ ಅಲ್ಲವೇ?

ಈ ಪ್ರಶ್ನೆ ಬಾರದ ವಾರವಿಲ್ಲ. ಹೌದು, ಬಿಟ್ಟವರೇ. ಹೇಗೆ ಬಿಟ್ಟರು ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. ಗೇಟ್ಸ್ 1975ರಲ್ಲಿ ಹಾರ್ವರ್ಡ್‌ನಿಂದ ಹೊರಬಿದ್ದಾಗ ಬಾಗಿಲಿಗೆ ಬೀಗ ಹಾಕಿಕೊಂಡು ಹೋಗಲಿಲ್ಲ; ಅನುಮತಿ ಪಡೆದ ರಜೆಯ ಮೇಲೆ ಹೋದರು. ಮೈಕ್ರೋಸಾಫ್ಟ್ ಮುಳುಗಿದ್ದರೆ ಮರಳಿ ತರಗತಿಗೆ ಹೋಗಬಹುದಿತ್ತು. ಜುಕರ್‌ಬರ್ಗ್ 2004ರಲ್ಲಿ ಬಿಟ್ಟಾಗ ಫೇಸ್‌ಬುಕ್ ಆಗಲೇ ನಡೆಯುತ್ತಿತ್ತು, ಹಲವು ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಅದರಲ್ಲಿದ್ದರು. ಗೂಗಲ್ ಕಟ್ಟಿದ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಬಿಟ್ಟದ್ದು ಸ್ಟ್ಯಾನ್‌ಫರ್ಡ್‌ನ ಪಿಎಚ್‌ಡಿಯನ್ನು. ಅಷ್ಟು ಹೊತ್ತಿಗೆ ಇಬ್ಬರ ಕೈಯಲ್ಲೂ ಸ್ನಾತಕೋತ್ತರ ಪದವಿ ಇತ್ತು. ಜಾಬ್ಸ್ 1972ರಲ್ಲಿ ರೀಡ್ ಕಾಲೇಜನ್ನು ಒಂದೇ ಸೆಮಿಸ್ಟರ್ ಓದಿ ಬಿಟ್ಟರೂ ಅಲ್ಲೇ ಸುಳಿದಾಡುತ್ತ, ಇಷ್ಟವಾದ ತರಗತಿಗಳಲ್ಲಿ ಹೋಗಿ ಕೂರುತ್ತಿದ್ದರು. ಅಕ್ಷರಕಲೆಯ ತರಗತಿ ಅಂಥದ್ದೊಂದು.

ನಿಮ್ಮ ಪ್ರಶ್ನೆಗೆ ಹೆಚ್ಚು ಹತ್ತಿರದವರು ಪಾಲ್ ಅಲೆನ್. ಗೇಟ್ಸ್ ಜೊತೆ ಮೈಕ್ರೋಸಾಫ್ಟ್ ಕಟ್ಟುವ ಮೊದಲು ಅವರು ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯವನ್ನು ಎರಡು ವರ್ಷ ಓದಿ ಬಿಟ್ಟು, ಹನಿವೆಲ್ ಕಂಪನಿಯಲ್ಲಿ ಪ್ರೋಗ್ರಾಮರ್ ಆಗಿ ಸಂಬಳದ ಕೆಲಸಕ್ಕೆ ಸೇರಿದ್ದರು. ಅದು ಕಲಿಸುವ ಕೆಲಸ; ಮುಂದೆ ಮಾಡಬೇಕೆಂದಿದ್ದ ಕೆಲಸದ ಜಾಡಿನಲ್ಲೇ ಇದ್ದ ಕೆಲಸ.

ಇನ್ನೊಂದು ಹಳೆಯ ಕಥೆ ಇಲ್ಲಿಗೆ ಹೊಂದುತ್ತದೆ. ಎರಡನೇ ಮಹಾಯುದ್ಧದಲ್ಲಿ ಗುಂಡೇಟು ತಿಂದು ಮರಳಿದ ವಿಮಾನಗಳನ್ನು ನೋಡಿ, ಎಲ್ಲಿ ತೂತುಗಳಿವೆಯೋ ಅಲ್ಲಿ ಕವಚ ಹಾಕೋಣ ಎಂಬ ಯೋಚನೆ ನಡೆದಿತ್ತು. ಸಂಖ್ಯಾಶಾಸ್ತ್ರಜ್ಞ ಅಬ್ರಹಾಂ ವಾಲ್ಡ್ ಅವರ ಲೆಕ್ಕ ಬೇರೆಯೇ ಇತ್ತು: ನೀವು ನೋಡುತ್ತಿರುವುದು ಮರಳಿ ಬಂದ ವಿಮಾನಗಳನ್ನು, ಬೇರೆಡೆ ಏಟು ತಿಂದವು ಮರಳಲೇ ಇಲ್ಲ. ಓದು ಬಿಟ್ಟು ಗೆದ್ದವರ ಪಟ್ಟಿಯೂ ಹೀಗೆಯೇ. ಬಿಟ್ಟು ಸೋತವರನ್ನು ಕರೆದು ಭಾಷಣ ಮಾಡಿಸುವವರು ಯಾರೂ ಇಲ್ಲ.

ಒಂದು ವರ್ಷ ಮಾತ್ರ ಬಾಕಿ ಇದೆ. ಕಲಿಯುವುದನ್ನೆಲ್ಲ ಕಲಿತಾಗಿದೆ. ಕಾಗದಕ್ಕೋಸ್ಕರ ಕೂರಬೇಕೇ?

ಕೂರಿ ಎನ್ನುವ ಕಡೆಗೇ ನನ್ನ ಒಲವು. ಕಾರಣ ಜ್ಞಾನದ್ದಲ್ಲ, ಕಾಗದದ್ದೇ.

ನಾಲ್ಕು ವರ್ಷದ ಪದವಿಯಲ್ಲಿ ಮೂರು ವರ್ಷ ಓದಿದವರಿಗೆ ಪದವೀಧರರ ಮುಕ್ಕಾಲು ಪಾಲು ಬೆಲೆ ಸಿಗಬೇಕು ಎಂದು ನ್ಯಾಯ ಹೇಳುತ್ತದೆ. ಉದ್ಯೋಗದ ಮಾರುಕಟ್ಟೆ ಹಾಗೆ ಹೇಳುವುದಿಲ್ಲ. ಕೊನೆಯ ವರ್ಷ ಮುಗಿಸಿ ಪ್ರಮಾಣಪತ್ರ ಪಡೆದವರ ಸಂಬಳದಲ್ಲಿ ಕಾಣುವ ಏರಿಕೆ ಅದರ ಹಿಂದಿನ ವರ್ಷಗಳ ಏರಿಕೆಗಿಂತ ದೊಡ್ಡದು. ಅರ್ಥಶಾಸ್ತ್ರಜ್ಞರು ಇದನ್ನು ಕುರಿಚರ್ಮದ ಪರಿಣಾಮ ಎನ್ನುತ್ತಾರೆ, ಹಿಂದೆ ಪದವಿಪತ್ರಗಳನ್ನು ಕುರಿಯ ಚರ್ಮದ ಮೇಲೆ ಬರೆಯುತ್ತಿದ್ದರು ಎಂಬ ಕಾರಣಕ್ಕೆ. ಮೈಕೆಲ್ ಸ್ಪೆನ್ಸ್ 1973ರಲ್ಲಿ ಬರೆದ ಪ್ರಬಂಧ ಇದರ ಒಂದು ಕಾರಣ ಹೇಳುತ್ತದೆ. ಕೆಲಸ ಕೊಡುವವರಿಗೆ ನಿಮ್ಮ ಸಾಮರ್ಥ್ಯ ಕಣ್ಣಿಗೆ ಕಾಣುವುದಿಲ್ಲ. ಅದನ್ನು ಊಹಿಸಲು ಕಾಣುವ ಗುರುತೊಂದು ಬೇಕು. ಪದವಿ ಅಂಥ ಗುರುತು. ಈ ವಿಚಾರಧಾರೆಗೆ 2001ರಲ್ಲಿ ಅವರು ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡರು. ನೀವು ಅರೆಬರೆ ಬಿಟ್ಟರೆ ಅವರಿಗೆ ಕಾಣುವ ಗುರುತು ‘ಮುಕ್ಕಾಲು ಕಲಿತವರು’ ಎಂದಲ್ಲ, ‘ಹಿಡಿದದ್ದನ್ನು ಮುಗಿಸದವರು’ ಎಂದು. ಅನ್ಯಾಯವೇ, ಆದರೂ ಹಾಗೆಯೇ ಇದೆ.

ಇದೇ ತರ್ಕ ಮೊದಲ ವರ್ಷದವರಿಗೆ ತಿರುಗುಮುರುಗು ಆಗುತ್ತದೆ. ಮೊದಲ ಸೆಮಿಸ್ಟರ್‌ನಲ್ಲೇ ಇದು ನನ್ನ ದಾರಿಯಲ್ಲ ಎಂದು ಖಾತ್ರಿಯಾದವರು ಬೇಗ ಹೊರಟರೆ ಕಳೆದುಕೊಳ್ಳುವುದು ಕಡಿಮೆ. ನಡುವೆ ಇರುವವರದ್ದೇ ನಿಜವಾದ ತ್ರಿಶಂಕು ಸ್ಥಿತಿ.

ಎರಡು ವರ್ಷ ಆಗಿಹೋಯಿತು, ಅಷ್ಟು ಶುಲ್ಕ ಕಟ್ಟಿಯಾಯಿತು. ಈಗ ಬಿಟ್ಟರೆ ಎಲ್ಲ ನೀರಿಗೆ ಹಾಕಿದಂತೆ ಅಲ್ಲವೇ?

ಕಟ್ಟಿದ ಹಣ ಮುಂದುವರಿಸಿದರೂ ಬರುವುದಿಲ್ಲ, ಬಿಟ್ಟರೂ ಬರುವುದಿಲ್ಲ. ಹಾಗಾಗಿ ಅದು ಲೆಕ್ಕದ ಹೊರಗೆ. ಹೇಳುವುದು ಸುಲಭ, ಮನಸ್ಸು ಒಪ್ಪುವುದಿಲ್ಲ. 1985ರಲ್ಲಿ ಆರ್ಕಿಸ್ ಮತ್ತು ಬ್ಲೂಮರ್ ಎಂಬ ಸಂಶೋಧಕರು ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಇಡೀ ಹಂಗಾಮಿನ ನಾಟಕದ ಟಿಕೆಟ್ ಕೊಂಡವರಲ್ಲಿ ಕೆಲವರಿಗೆ ಆಕಸ್ಮಿಕವಾಗಿ ರಿಯಾಯಿತಿ ಕೊಟ್ಟರು. ನಾಟಕಗಳು ಎಲ್ಲರಿಗೂ ಅವೇ. ಆದರೂ ಹಂಗಾಮಿನ ಮೊದಲರ್ಧದಲ್ಲಿ ಪೂರ್ತಿ ಬೆಲೆ ತೆತ್ತವರೇ ಹೆಚ್ಚು ನಾಟಕಗಳಿಗೆ ಬಂದರು. ಕೊಟ್ಟ ದುಡ್ಡು ಅವರನ್ನು ಎಬ್ಬಿಸಿಕೊಂಡು ಹೋಗಿತ್ತು.

ಕಟ್ಟಿದ ಹಣ ಬೇರೆ, ಗಳಿಸಿದ ಕ್ರೆಡಿಟ್ (ಪಾಸಾದ ವಿಷಯಗಳ ಓದನ್ನು ಅಳೆಯುವ ಎಣಿಕೆ) ಬೇರೆ. ಪಾಸಾದ ವಿಷಯಗಳು ನೀರಿಗೆ ಹೋಗಬೇಕಾಗಿಲ್ಲ. ಯುರೋಪಿನ ದೇಶಗಳು ಬಳಸುವ ಇಸಿಟಿಎಸ್ ಎಂಬ ಕ್ರೆಡಿಟ್ ವ್ಯವಸ್ಥೆಯಲ್ಲಿ ಒಂದು ಸಂಸ್ಥೆಯ ಕ್ರೆಡಿಟ್ ಇನ್ನೊಂದರಲ್ಲಿ ಎಣಿಕೆಗೆ ಬರುವಂತೆ ಮಾಡಬಹುದು. ಭಾರತದ 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಯೋಜನೆಯಂತೆ ಒಂದು ವರ್ಷ ಮುಗಿಸಿ ಹೊರಟವರಿಗೆ ಸರ್ಟಿಫಿಕೇಟ್, ಎರಡು ವರ್ಷಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ. ಗಳಿಸಿದ ಕ್ರೆಡಿಟ್ ‘ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್’ ಎಂಬ ಡಿಜಿಟಲ್ ಖಾತೆಯಲ್ಲಿ ಜಮಾ. ಅಮೆರಿಕದಲ್ಲಿ ಎರಡು ವರ್ಷದ ಅಸೋಸಿಯೇಟ್ ಪದವಿ ಎಂಬ ನಿಲ್ದಾಣವಿದೆ. ನೀತಿಯಲ್ಲಿ ಬರೆದದ್ದೆಲ್ಲ ನಿಮ್ಮ ಸಂಸ್ಥೆಯಲ್ಲಿ ಜಾರಿಯಲ್ಲಿದೆಯೇ ಎಂದು ಕೇಳಿಕೊಳ್ಳಿ. ಇನ್ನು ನಾಲ್ಕು ತಿಂಗಳು ಕೂತರೆ ಇಂಥ ಒಂದು ನಿಲ್ದಾಣ ಮುಟ್ಟುವಿರಾದರೆ, ಮುಟ್ಟಿಯೇ ಇಳಿಯಿರಿ.

ನನಗೆ ಕೆಲಸ ಬೇಕಾಗಿದೆಯೋ, ಓದಿನಿಂದ ತಪ್ಪಿಸಿಕೊಳ್ಳಬೇಕಾಗಿದೆಯೋ, ಹೇಗೆ ತಿಳಿಯುವುದು?

ಈ ಪ್ರಶ್ನೆ ಕೇಳಿಕೊಂಡವರು ಅರ್ಧ ದಾರಿ ದಾಟಿದ್ದಾರೆ. ನಾನು ಕೇಳಿಕೊಂಡಿರಲಿಲ್ಲ. ‘ಒಳ್ಳೆ ಕೆಲಸ ಸಿಕ್ಕಿತು, ಬಿಟ್ಟೆ’ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಕೆಲಸ ಸಾಧಾರಣದ್ದೇ. ಎರಡು ವಿಷಯ ಬಾಕಿ ಉಳಿದಿದ್ದವು, ಅವನ್ನು ಮತ್ತೆ ಬರೆಯುವ ಧೈರ್ಯ ಇರಲಿಲ್ಲ, ಅಷ್ಟೇ.

ಒಂದು ಪರೀಕ್ಷೆ ಹೇಳುತ್ತೇನೆ. ಈ ಕೆಲಸ ನಾಳೆ ಕೈತಪ್ಪಿತು ಎಂದುಕೊಳ್ಳಿ. ಆಗಲೂ ಓದು ಬಿಡುವಿರಾ? ಹೌದು ಎಂದು ಮನಸ್ಸು ಹೇಳಿದರೆ, ಸಮಸ್ಯೆ ಇರುವುದು ಓದಿನ ಕಡೆ. ಕೆಲಸ ಬರೀ ನೆಪ. ಇನ್ನು ಈ ಕೋರ್ಸೇ ನಿಮಗೆ ಇಷ್ಟವಾದ ಬೇರೆ ವಿಷಯದ್ದಾಗಿದ್ದರೆ ಈ ಕೆಲಸ ಒಪ್ಪುತ್ತಿದ್ದಿರಾ? ಇಲ್ಲ ಎಂದಾದರೆ ಬದಲಾಗಬೇಕಾದದ್ದು ಕೋರ್ಸ್.

ವಿನ್ಸೆಂಟ್ ಟಿಂಟೊ ಎಂಬ ವಿದ್ವಾಂಸರು 1975ರಲ್ಲಿ, ವಿದ್ಯಾರ್ಥಿಗಳು ಯಾಕೆ ನಡುವೆ ಬಿಟ್ಟುಹೋಗುತ್ತಾರೆ ಎಂಬುದಕ್ಕೆ ಒಂದು ಚೌಕಟ್ಟು ಕೊಟ್ಟರು. ಬುದ್ಧಿ ಸಾಲದೆ ಬಿಡುವುದು ಅದರ ಒಂದು ಭಾಗ ಮಾತ್ರ. ಸಂಸ್ಥೆಯ ಓದಿನ ಬದುಕಿಗೂ ಅಲ್ಲಿನ ಒಡನಾಟಕ್ಕೂ ಅಂಟಿಕೊಳ್ಳದವರು ಉದುರುತ್ತಾರೆ ಎಂಬುದು ಅದರ ಸಾರ. ಮೇಜಿನ ಹಿಂದೆ ಕೂತ ನನಗೂ ಹಾಗೇ ಕಂಡಿದೆ. ‘ಕೆಲಸ ಸಿಕ್ಕಿದೆ’ ಎಂದು ಬಂದವರನ್ನು ಸ್ವಲ್ಪ ಹೊತ್ತು ಮಾತಾಡಿಸಿದರೆ, ತರಗತಿಯಲ್ಲಿ ಒಬ್ಬ ಗೆಳೆಯನೂ ಇಲ್ಲ, ಹೆಸರು ಗೊತ್ತಿರುವ ಒಬ್ಬ ಅಧ್ಯಾಪಕರೂ ಇಲ್ಲ ಎಂಬುದು ಹೊರಗೆ ಬರುತ್ತಿತ್ತು. ಮನಸ್ಸು ಕುಗ್ಗಿ, ನಿದ್ದೆ ಕೆಟ್ಟು, ಯಾವುದೂ ಬೇಡವೆನಿಸಿ ಬಿಡಲು ಹೊರಟಿದ್ದರೆ ಮೊದಲು ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ಆ ಸ್ಥಿತಿಯಲ್ಲಿ ಹೊಸ ಕೆಲಸವೂ ಹತ್ತು ದಿನಕ್ಕೆ ಅಷ್ಟೇ ಭಾರವಾಗುತ್ತದೆ.

ಮನೆಯಲ್ಲಿ ದುಡ್ಡಿಲ್ಲ. ನನಗೆ ಆಯ್ಕೆ ಎಂಬುದೇ ಇಲ್ಲವಲ್ಲ?

ಇರಲಿಕ್ಕಿಲ್ಲ. ಮನೆಯ ಒಲೆ ಉರಿಯಬೇಕಾದಾಗ ಪದವಿಯ ಮಹತ್ವದ ಬಗ್ಗೆ ಉಪದೇಶ ಕೊಡುವವರನ್ನು ಕಂಡರೆ ನನಗೂ ಆಗುವುದಿಲ್ಲ. ಹೋಗಿ ದುಡಿಯಿರಿ, ಅದರಲ್ಲಿ ತಪ್ಪಿತಸ್ಥ ಭಾವನೆ ಬೇಡ.

ಹೋಗುವ ಮೊದಲು ಒಂದು ಕೆಲಸ ಮಾತ್ರ ಮಾಡಿ: ನಿಮ್ಮ ಪರಿಸ್ಥಿತಿಯನ್ನು ಸಂಸ್ಥೆಗೆ ಬರವಣಿಗೆಯಲ್ಲಿ ತಿಳಿಸಿ. ಶುಲ್ಕವನ್ನು ಕಂತಿನಲ್ಲಿ ಕಟ್ಟುವ ಅವಕಾಶ, ತುರ್ತು ನೆರವಿನ ನಿಧಿ, ವಿದ್ಯಾರ್ಥಿವೇತನದ ಮರುಪರಿಶೀಲನೆ, ಕ್ಯಾಂಪಸ್ಸಿನೊಳಗೇ ಸಂಬಳದ ಕೆಲಸ, ವಿಷಯಗಳನ್ನು ಕಡಿಮೆ ಮಾಡಿಕೊಳ್ಳುವ ಅನುಮತಿ ಇವೆಲ್ಲ ಎಷ್ಟೋ ಕಡೆ ಇರುತ್ತವೆ. ಸೂಚನಾಫಲಕದಲ್ಲಿ ಇರುವುದಿಲ್ಲ, ಕೇಳಿದವರಿಗೆ ಮಾತ್ರ ಸಿಗುತ್ತವೆ. ಬಿಡಲು ಬಂದ ಹುಡುಗಿಯೊಬ್ಬಳಿಗೆ ಬೇಕಾಗಿದ್ದದ್ದು ಎರಡು ತಿಂಗಳ ಗಡುವು ಮಾತ್ರ. ಅರ್ಜಿ ಬರೆಸಿದೆವು, ಸಿಕ್ಕಿತು. ಇನ್ನೊಬ್ಬನಿಗೆ ಎಲ್ಲ ಪ್ರಯತ್ನ ಮಾಡಿದರೂ ಆಗಲಿಲ್ಲ, ಅವನು ಹೋದ. ಎರಡೂ ಆಗುತ್ತದೆ.

ಕೆಲಸ ಒಳ್ಳೆಯದೋ ಅಲ್ಲವೋ ಎಂದು ಅಳೆಯುವುದು ಹೇಗೆ? ಸಂಬಳವಂತೂ ಚೆನ್ನಾಗಿದೆ.

ದೂರದ ಬೆಟ್ಟ ನುಣ್ಣಗೆ. ಮೊದಲ ಸಂಬಳವೂ ವಿದ್ಯಾರ್ಥಿಗೆ ಹಾಗೇ ಕಾಣುತ್ತದೆ, ಯಾಕೆಂದರೆ ಹೋಲಿಸುವುದು ಶೂನ್ಯದ ಜೊತೆ. ಹೋಲಿಸಬೇಕಾದದ್ದು ಅದೇ ಹುದ್ದೆಯಲ್ಲಿ ಐದು ವರ್ಷದಿಂದ ಇರುವವರ ಸಂಬಳದ ಜೊತೆ. ಅಂಥವರೊಬ್ಬರನ್ನು ಹುಡುಕಿ ಮಾತಾಡಿಸಿ. ಅವರ ಕೆಲಸವೂ ನಿಮಗೆ ಕೊಡಲಿರುವ ಕೆಲಸವೂ ಒಂದೇ ಆಗಿದ್ದರೆ, ಐದು ವರ್ಷದ ಮೇಲೆ ನೀವು ಇರುವುದೂ ಅಲ್ಲೇ.

ಬಾಯಿಮಾತಿನ ಕೆಲಸ ನಂಬಿ ಕಾಲೇಜಿಗೆ ರಾಜೀನಾಮೆ ಕೊಡಬೇಡಿ. ನೇಮಕಾತಿ ಪತ್ರ ಕೈಗೆ ಬರಲಿ. ಅದರಲ್ಲಿ ಪ್ರೊಬೇಷನ್ ಎಷ್ಟು ತಿಂಗಳು, ನೋಟಿಸ್ ಅವಧಿ ಎಷ್ಟು, ಇಷ್ಟು ವರ್ಷ ಬಿಡಬಾರದೆಂಬ ಬಾಂಡ್ ಇದೆಯೇ, ಪದವಿ ಮುಗಿಸಿರಬೇಕು ಎಂಬ ಷರತ್ತು ಎಲ್ಲೋ ಕೆಳಗೆ ಅಡಗಿದೆಯೇ, ಓದಿ. ಕೊನೆಯದು ತಮಾಷೆಯಲ್ಲ: ಅಂತಿಮ ವರ್ಷದವರಿಗೆ ಕೊಡುವ ಎಷ್ಟೋ ಪತ್ರಗಳು ‘ಪದವಿ ಪೂರೈಸಿದಲ್ಲಿ’ ಎಂಬ ಷರತ್ತಿಗೆ ಒಳಪಟ್ಟಿರುತ್ತವೆ. ಕೆಲಸ ಕೊಡಲು ನಿಮ್ಮಿಂದಲೇ ಹಣ ಕೇಳಿದರೆ, ಅದನ್ನು ಠೇವಣಿ ಎನ್ನಲಿ ತರಬೇತಿ ಶುಲ್ಕ ಎನ್ನಲಿ, ಅಲ್ಲಿಗೆ ಆ ಮಾತು ಮುಗಿಸಿ.

ಬಹಳ ಮಂದಿ ಕೇಳದೇ ಬಿಡುವ ಪ್ರಶ್ನೆಯೊಂದಿದೆ: ‘ಪರೀಕ್ಷೆ ಮುಗಿಸಿ ಬಂದು ಸೇರಬಹುದೇ?’ ನಿಮ್ಮನ್ನೇ ಬೇಕೆಂದು ಕರೆದವರು ನಾಲ್ಕೈದು ತಿಂಗಳು ಕಾಯಲು, ಇಲ್ಲವೇ ಅಲ್ಲಿಯವರೆಗೆ ಅರ್ಧ ದಿನದ ಕೆಲಸ ಕೊಡಲು ಒಪ್ಪುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಒಪ್ಪದಿದ್ದರೆ, ಅವರಿಗೆ ಬೇಕಾದದ್ದು ನೀವಲ್ಲ, ಯಾರಾದರೊಬ್ಬರು ಎಂದಾಯಿತು. ಅದೂ ತಿಳಿದಿರಬೇಕಾದ ಸಂಗತಿಯೇ.

ಲಾಭನಷ್ಟವನ್ನು ಅಂಕಿಯಲ್ಲಿ ಲೆಕ್ಕ ಹಾಕಬಹುದೇ?

ಹಾಕಬಹುದು, ಹಾಕಲೇಬೇಕು. ಲೆಕ್ಕ ಉತ್ತರ ಕೊಡದಿದ್ದರೂ ನಿಮ್ಮ ಊಹೆ ಎಲ್ಲಿ ಕೂತಿದೆ ಎಂದು ತೋರಿಸುತ್ತದೆ. ಓದನ್ನು ಬಂಡವಾಳದಂತೆ ಲೆಕ್ಕ ಹಾಕುವುದನ್ನು ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1964ರಲ್ಲೇ ವಿವರವಾಗಿ ಬರೆದರು. ಅವರ ಮಾತಿನ ತಿರುಳು: ಓದಿನ ಖರ್ಚು ಎಂದರೆ ಶುಲ್ಕ ಮಾತ್ರವಲ್ಲ, ಓದುತ್ತಿರುವಾಗ ದುಡಿಯದೆ ಬಿಟ್ಟ ಸಂಬಳವೂ ಅದರಲ್ಲಿ ಸೇರಬೇಕು.

ಈಗಿನ ಕೆಲಸದ ವಾರ್ಷಿಕ ಸಂಬಳವನ್ನು 100 ಎಂದುಕೊಳ್ಳಿ. ಓದು ಒಂದು ವರ್ಷ ಬಾಕಿ, ಶುಲ್ಕ 40. ಓದು ಮುಗಿಸಲು ಕೂತರೆ ಈ ವರ್ಷ 100 ಬರುವುದಿಲ್ಲ, 40 ಹೋಗುತ್ತದೆ. ಒಟ್ಟು 140 ಹಿಂದೆ ಬೀಳುತ್ತೀರಿ. ಪದವಿ ಮುಗಿಸಿದವರಿಗೆ 130 ಸಿಗುತ್ತದೆ ಎಂದಾದರೆ ವರ್ಷಕ್ಕೆ 30 ಹೆಚ್ಚು. 140 ತುಂಬಿಬರಲು ಐದು ವರ್ಷಕ್ಕೆ ಸ್ವಲ್ಪ ಕಡಿಮೆ. ಅಷ್ಟಕ್ಕೆ ನಿಲ್ಲಿಸಬೇಡಿ. ಈಗಲೇ ಸೇರಿದವರ ಸಂಬಳವೂ ಒಂದು ವರ್ಷದ ಅನುಭವದಿಂದ 110 ಆಗಿರಬಹುದು. ಆಗ ಅಂತರ 20, ತುಂಬಿಬರಲು ಏಳು ವರ್ಷ. ಹಾಗಾದರೆ ಬಿಡುವುದೇ ಲಾಭ ಎನ್ನುವಿರಾ? ಎಂಟನೇ ವರ್ಷ ಪದವಿ ಇಲ್ಲದವರ ಬಡ್ತಿ ನಿಂತುಹೋಗುವ ಕ್ಷೇತ್ರವಾದರೆ ಲೆಕ್ಕ ಮತ್ತೆ ಮಗುಚುತ್ತದೆ.

ಗಮನಿಸಿ: ಇಲ್ಲಿ ಎಲ್ಲವನ್ನೂ ತೀರ್ಮಾನಿಸಿದ್ದು ಮೊದಲ ಸಂಬಳವಲ್ಲ, ಪದವಿ ಇಲ್ಲದವರಿಗೆ ಆ ಕ್ಷೇತ್ರ ಎಲ್ಲಿ ಗೆರೆ ಎಳೆಯುತ್ತದೆ ಎಂಬುದು. ನಿಮ್ಮ ಅಂಕಿಗಳನ್ನು ಹಾಕಿ, ಆ ಗೆರೆಯನ್ನು ಅತ್ತಿತ್ತ ಸರಿಸಿ ನೋಡಿ. ಒಂದು ಸಂಜೆಯ ಕೆಲಸ.

ಪದವಿ ಇಲ್ಲದೆ ನಡೆಯುವುದೇ ಇಲ್ಲ ಎಂಬ ಕ್ಷೇತ್ರಗಳು ಯಾವುವು?

ಹೆಚ್ಚಾಗಿ ಪರವಾನಗಿ ಬೇಕಾದವು. ವೈದ್ಯಕೀಯ, ದಂತವೈದ್ಯ, ಬಹುತೇಕ ಕಡೆ ವಾಸ್ತುಶಿಲ್ಪ, ವಕೀಲಿಕೆ ಮತ್ತು ಶಾಲಾ ಶಿಕ್ಷಣ. ಎಂಜಿನಿಯರಿಂಗ್‌ನಲ್ಲಿ ಕೆಲಸ ಸಿಗಬಹುದು, ಆದರೆ ನಕ್ಷೆಗೆ ಸಹಿ ಹಾಕುವ ಅಧಿಕಾರ ಬೇರೆ. ಎಂಜಿನಿಯರಿಂಗ್ ಪದವಿಗಳನ್ನು ದೇಶದಿಂದ ದೇಶಕ್ಕೆ ಮಾನ್ಯ ಮಾಡುವ 1989ರ ವಾಷಿಂಗ್ಟನ್ ಒಪ್ಪಂದದಂಥ ವ್ಯವಸ್ಥೆಗಳು ಮುಗಿಸಿದ ಪದವಿಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತವೆ.

ಬೇರೆ ದೇಶಕ್ಕೆ ಹೋಗುವ ಆಸೆ ಇದ್ದರೆ ಇನ್ನೂ ಯೋಚಿಸಿ. ಅಮೆರಿಕದಲ್ಲಿ ಕೆಲಸ ಮಾಡಲು ಬೇಕಾದ ಎಚ್-1ಬಿ ವೀಸಾಕ್ಕೆ ಪದವಿ ಅಥವಾ ಅದಕ್ಕೆ ಸಮಾನವಾದದ್ದು ಬೇಕು. ಸಮಾನ ಎಂದು ತೋರಿಸಲು ಓದಿನ ಒಂದು ವರ್ಷಕ್ಕೆ ಬದಲಾಗಿ ಮೂರು ವರ್ಷದ ವಿಶೇಷ ಅನುಭವವನ್ನು ಎಣಿಸುತ್ತಾರೆ. ಒಂದು ವರ್ಷ ಉಳಿಸಿದವರು ಮೂರು ವರ್ಷದ ದಾಖಲೆ ಜೋಡಿಸಬೇಕು.

ಸಾಫ್ಟ್‌ವೇರ್, ವಿನ್ಯಾಸ, ಮಾರಾಟ, ಅಡುಗೆ, ಯಂತ್ರ ರಿಪೇರಿ, ಚಿತ್ರಸಂಕಲನ ಇಂಥವುಗಳಲ್ಲಿ ಮಾಡಿ ತೋರಿಸಿದ ಕೆಲಸಕ್ಕೆ ಬೆಲೆ ಹೆಚ್ಚು. ಅಲ್ಲೂ ದೊಡ್ಡ ಸಂಸ್ಥೆಗಳ ಅರ್ಜಿಯನ್ನು ಮೊದಲು ಸೋಸುವ ಜರಡಿ ಪದವಿಯೇ ಆಗಿರುವುದುಂಟು.

ಕೆಲಸ ಮಾಡುತ್ತಲೇ ಓದು ಮುಗಿಸಬಹುದಲ್ಲ?

ಮುಗಿಸಿದವರು ಲಕ್ಷಾಂತರ ಮಂದಿ. ಬ್ರಿಟನ್ನಿನ ಓಪನ್ ಯೂನಿವರ್ಸಿಟಿ 1969ರಲ್ಲಿ ಸ್ಥಾಪನೆಯಾಗಿ 1971ರಲ್ಲಿ ಮೊದಲ ವಿದ್ಯಾರ್ಥಿಗಳಿಗೆ ಪಾಠ ಶುರುಮಾಡಿತು. ಭಾರತದ ಮುಕ್ತ ವಿಶ್ವವಿದ್ಯಾಲಯ ಇಗ್ನೋ 1985ರದ್ದು. ದುಡಿಯುವವರೂ ಓದಲಿ ಎಂಬುದು ಇಂಥ ಸಂಸ್ಥೆಗಳ ಉದ್ದೇಶ.

ಗಂಟೆಗಳನ್ನು ಮಾತ್ರ ಎಣಿಸಿಕೊಳ್ಳಿ. ಯುರೋಪಿನ ಲೆಕ್ಕದಲ್ಲಿ ಪೂರ್ಣಾವಧಿ ವರ್ಷಕ್ಕೆ 60 ಕ್ರೆಡಿಟ್, ಒಂದು ಕ್ರೆಡಿಟ್‌ಗೆ 25ರಿಂದ 30 ಗಂಟೆಯ ಶ್ರಮ. ಅರ್ಧ ವೇಗದಲ್ಲಿ ಓದಿದರೂ ವರ್ಷಕ್ಕೆ 750ರಿಂದ 900 ಗಂಟೆ. ನಲವತ್ತು ವಾರಕ್ಕೆ ಹಂಚಿದರೆ ವಾರಕ್ಕೆ ಸುಮಾರು 20. ನಲವತ್ತು ಗಂಟೆಯ ಕೆಲಸದ ಮೇಲೆ ಇದು. ಪಾಳಿ ಬದಲಾಗುವ ಕೆಲಸವಾದರೆ ಎರಡು ದೋಣಿಯ ಮೇಲೆ ಕಾಲಿಟ್ಟಂತೆಯೇ. ‘ಪರೀಕ್ಷೆಯ ದಿನ ರಜೆ ಕೊಡುತ್ತೇವೆ’ ಎಂಬುದನ್ನು ಮಾಲೀಕರಿಂದ ಇಮೇಲ್‌ನಲ್ಲಿ ಪಡೆಯಿರಿ. ಹೇಳಿದವರು ಮೂರು ತಿಂಗಳಲ್ಲಿ ಬೇರೆ ಕಂಪನಿಗೆ ಹೋಗಿರುತ್ತಾರೆ.

ಸರಿ, ಬಿಡಲು ತೀರ್ಮಾನಿಸಿದೆ. ನಾಳೆಯಿಂದ ಹೋಗದಿದ್ದರೆ ಆಯಿತಲ್ಲ?

ಆಗುವುದಿಲ್ಲ. ನಾನು ಮಾಡಿದ್ದು ಅದೇ.

ಒಂದು ಸೋಮವಾರ ಹೋಗುವುದು ನಿಲ್ಲಿಸಿದೆ. ಯಾರಿಗೂ ಹೇಳಲಿಲ್ಲ. ಆರು ವರ್ಷದ ಮೇಲೆ ವಾಪಸ್ ಹೋದಾಗ ದಾಖಲೆಯಲ್ಲಿ ಆ ಸೆಮಿಸ್ಟರ್‌ನ ಐದೂ ವಿಷಯದಲ್ಲಿ ಅನುತ್ತೀರ್ಣ ಎಂದಿತ್ತು. ಹಾಜರಾಗದೆ ಇದ್ದದ್ದಕ್ಕೆ ಹೆಸರು ತೆಗೆದುಹಾಕಿದ್ದರು, ಗ್ರಂಥಾಲಯದ ಒಂದು ಪುಸ್ತಕದ ದಂಡ ಬೆಳೆದು ನಿಂತಿತ್ತು, ಅದು ತೀರುವವರೆಗೆ ಅಂಕಪಟ್ಟಿ ಕೊಡುವುದಿಲ್ಲ ಎಂದರು. ಅಷ್ಟರಲ್ಲಿ ಪಠ್ಯಕ್ರಮ ಬದಲಾಗಿ, ಪಾಸಾಗಿದ್ದ ಮೂರು ವಿಷಯ ಹೊಸ ಪಟ್ಟಿಯಲ್ಲಿ ಇರಲೇ ಇಲ್ಲ. ಹೋಗುವ ದಿನ ಅರ್ಧ ಗಂಟೆ ಕಚೇರಿಯಲ್ಲಿ ನಿಂತಿದ್ದರೆ ಇದರಲ್ಲಿ ಮುಕ್ಕಾಲು ತಪ್ಪುತ್ತಿತ್ತು.

ಹಾಗಾಗಿ ಕಚೇರಿಗೆ ಹೋಗಿ. ಮೊದಲು ಕೇಳಬೇಕಾದದ್ದು: ಶಾಶ್ವತವಾಗಿ ಬಿಡದೆ ಒಂದು ಸೆಮಿಸ್ಟರ್ ಅಥವಾ ಒಂದು ವರ್ಷದ ವಿರಾಮ ಪಡೆಯಬಹುದೇ? ಬಹಳಷ್ಟು ಸಂಸ್ಥೆಗಳಲ್ಲಿ ಪಡೆಯಬಹುದು, ಅರ್ಜಿ ಬೇಕು, ಗಡುವಿದೆ. ವಿರಾಮ ಮುಗಿದ ಮೇಲೆ ಮತ್ತೆ ಪ್ರವೇಶ ಪರೀಕ್ಷೆ ಬರೆಯಬೇಕೇ, ಸೀಟು ಹಾಗೇ ಇರುತ್ತದೆಯೇ? ಪದವಿಯನ್ನು ಗರಿಷ್ಠ ಎಷ್ಟು ವರ್ಷದಲ್ಲಿ ಮುಗಿಸಬೇಕು, ವಿರಾಮದ ಕಾಲ ಅದರಲ್ಲಿ ಎಣಿಕೆಯಾಗುತ್ತದೆಯೇ? ಯಾವ ದಿನಾಂಕದೊಳಗೆ ಬಿಟ್ಟರೆ ಶುಲ್ಕ ಮರಳುತ್ತದೆ, ಯಾವ ದಿನಾಂಕ ದಾಟಿದರೆ ‘ಹಿಂತೆಗೆದುಕೊಂಡಿದ್ದಾರೆ’ ಎಂಬ ಬದಲು ‘ಅನುತ್ತೀರ್ಣ’ ಎಂದು ಬೀಳುತ್ತದೆ? ಇನ್ನೆರಡು ವಾರದಲ್ಲಿ ಪರೀಕ್ಷೆ ಇದ್ದರೆ ಬರೆದೇ ಹೋಗಿ. ಅಂಕಪಟ್ಟಿಗಳನ್ನೂ ಪಾಸಾದ ವಿಷಯಗಳ ಪಠ್ಯವಿವರವನ್ನೂ ಕೈಗೆ ತೆಗೆದುಕೊಳ್ಳಿ. ಪಠ್ಯವಿವರ ಯಾಕೆ ಎಂದು ಈಗ ಅನಿಸಬಹುದು, ಇನ್ನೊಂದು ಸಂಸ್ಥೆಯಲ್ಲಿ ಕ್ರೆಡಿಟ್ ಕೇಳುವಾಗ ಮೊದಲು ಕೇಳುವುದೇ ಅದನ್ನು.

ಶಿಕ್ಷಣ ಸಾಲ ಇದ್ದರೆ ಅದರ ಗಡಿಯಾರ ನೀವು ಬಿಟ್ಟ ದಿನದಿಂದ ಓಡಲು ಶುರುಮಾಡುತ್ತದೆ. ಅಮೆರಿಕದ ಕೇಂದ್ರ ಸರ್ಕಾರ ಕೊಡುವ ಫೆಡರಲ್ ನೇರ ಸಾಲಗಳಲ್ಲಿ, ಓದು ಅರ್ಧಾವಧಿಗಿಂತ ಕಡಿಮೆಯಾದ ಮೇಲೆ ಸಾಮಾನ್ಯವಾಗಿ ಆರು ತಿಂಗಳಿಗೆ ಕಂತು ಶುರು. ನಿಮ್ಮ ಸಾಲದ ಪತ್ರದಲ್ಲಿ ಏನಿದೆ ನೋಡಿ, ಪದವಿ ಮುಗಿದ ಮೇಲಿನ ವಿನಾಯಿತಿ ನಡುವೆ ಬಿಟ್ಟವರಿಗೂ ಉಂಟೇ ಎಂದು ಬ್ಯಾಂಕಿನಲ್ಲಿ ಕೇಳಿ. ಹೊರದೇಶದಲ್ಲಿ ವಿದ್ಯಾರ್ಥಿ ವೀಸಾದ ಮೇಲೆ ಇರುವವರು ಇದನ್ನೆಲ್ಲ ಬಿಟ್ಟು ಮೊದಲು ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಗೆ ಓಡಿ. ಅಮೆರಿಕದಲ್ಲಿ ಎಫ್-1 ವಿದ್ಯಾರ್ಥಿ ಅನುಮತಿ ಪಡೆದು ಓದು ಬಿಟ್ಟರೆ ದೇಶ ಬಿಡಲು 15 ದಿನ. ಅನುಮತಿಯಿಲ್ಲದೆ ಬಿಟ್ಟರೆ ಅದೂ ಇಲ್ಲ. ಓದು ಬಿಟ್ಟು ಅಲ್ಲೇ ಕೆಲಸ ಮಾಡುವ ದಾರಿ ಆ ವೀಸಾದಲ್ಲಿ ಇಲ್ಲ.

ಮನೆಯವರಿಗೆ ಹೇಗೆ ಹೇಳಲಿ?

ತೀರ್ಮಾನ ಆದ ಮೇಲೆ ಹೇಳಬೇಡಿ, ಯೋಚಿಸುತ್ತಿರುವಾಗಲೇ ಹೇಳಿ. ಅಪ್ಪ ಅಮ್ಮನಿಗೆ ಸಿಟ್ಟು ಬರುವುದು ಓದು ಬಿಟ್ಟದ್ದಕ್ಕಿಂತ ತಮಗೆ ಕೊನೆಗೆ ಗೊತ್ತಾಯಿತಲ್ಲ ಎಂಬುದಕ್ಕೆ. ನೇಮಕಾತಿ ಪತ್ರ, ಮೇಲೆ ಹೇಳಿದ ಲೆಕ್ಕದ ಹಾಳೆ, ವಿರಾಮದ ಅರ್ಜಿಯ ಪ್ರತಿ ಈ ಮೂರನ್ನು ಮುಂದಿಟ್ಟುಕೊಂಡು ಕೂತರೆ ಮಾತು ಜಗಳಕ್ಕೆ ತಿರುಗುವುದು ಕಡಿಮೆ. ‘ಎಲ್ಲರೂ ಏನೆನ್ನುತ್ತಾರೆ’ ಎಂಬ ಮಾತು ಬಂದೇ ಬರುತ್ತದೆ. ಅದಕ್ಕೆ ಉತ್ತರ ಕೊಡಲು ಹೋಗಬೇಡಿ.

ಒಮ್ಮೆ ಬಿಟ್ಟವರು ನಿಜವಾಗಿ ಮರಳಿ ಮುಗಿಸುತ್ತಾರೆಯೇ?

ಮುಗಿಸಿದವರಿದ್ದಾರೆ. ಆಪಲ್ ಕಟ್ಟಿದ ಸ್ಟೀವ್ ವೋಜ್ನಿಯಾಕ್ ತಾವು ಬಿಟ್ಟಿದ್ದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ ಮರಳಿ, ಬೇರೆ ಹೆಸರಿನಲ್ಲಿ ತರಗತಿಗೆ ಹೋಗಿ, 1986ರಲ್ಲಿ ಪದವಿ ಪಡೆದರು. ಬಾಸ್ಕೆಟ್‌ಬಾಲ್ ಆಟಗಾರ ಶಕೀಲ್ ಓನೀಲ್ 1992ರಲ್ಲಿ ವೃತ್ತಿಪರ ಆಟಕ್ಕಾಗಿ ವಿಶ್ವವಿದ್ಯಾಲಯ ಬಿಟ್ಟು, ತಾಯಿಗೆ ಕೊಟ್ಟ ಮಾತಿನಂತೆ 2000ದಲ್ಲಿ ಪದವಿ ಮುಗಿಸಿದರು. 2012ರಲ್ಲಿ ಡಾಕ್ಟರೇಟನ್ನೂ ಪಡೆದರು. ಕ್ವೀನ್ ತಂಡದ ಗಿಟಾರ್ ವಾದಕ ಬ್ರಯಾನ್ ಮೇ ಎಪ್ಪತ್ತರ ದಶಕದಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಖಗೋಳಶಾಸ್ತ್ರದ ಸಂಶೋಧನೆ ಬಿಟ್ಟು, 2007ರಲ್ಲಿ ಅದೇ ವಿಷಯದಲ್ಲಿ, ಅದೇ ಕಾಲೇಜಿನಲ್ಲಿ ಪಿಎಚ್‌ಡಿ ಮುಗಿಸಿದರು. ಚಿತ್ರ ನಿರ್ದೇಶಕ ಸ್ಪೀಲ್‌ಬರ್ಗ್ ಅರವತ್ತರ ದಶಕದಲ್ಲಿ ಬಿಟ್ಟದ್ದನ್ನು 2002ರಲ್ಲಿ ಮುಗಿಸಿದರು.

ಇವರಿಗೆಲ್ಲ ದುಡ್ಡಿತ್ತು, ಸಮಯ ಕೊಳ್ಳಬಹುದಿತ್ತು ಎಂದು ನೀವು ಹೇಳಿದರೆ ಒಪ್ಪುತ್ತೇನೆ. ನಾನು ಮರಳಿದಾಗ ಗಣಿತ ಮರೆತಿರುತ್ತದೆ ಎಂಬ ಹೆದರಿಕೆ ಇತ್ತು. ಮರೆತಿತ್ತು, ಒಂದು ತಿಂಗಳಲ್ಲಿ ಮರಳಿ ಬಂತು. ಸಂಬಳಕ್ಕೆ ಒಗ್ಗಿದ ಕೈ ಖಾಲಿ ಕೂರಲು ಒಪ್ಪದಿರುವುದೇ ದೊಡ್ಡ ಕಷ್ಟ. ಕೆಲಸಕ್ಕೆ ಸೇರಿದ ಮೊದಲ ತಿಂಗಳಿಂದಲೇ ‘ಓದಿನ ಖಾತೆ’ ಎಂದು ಬೇರೆ ಎತ್ತಿಟ್ಟವರು ಮರಳಿ ಬರುವುದನ್ನು ಹೆಚ್ಚು ನೋಡಿದ್ದೇನೆ. ಮರಳುವ ದಿನಾಂಕವನ್ನು ವಿರಾಮದ ಅರ್ಜಿಯಲ್ಲೇ ಬರೆದುಕೊಟ್ಟವರೂ ಅಷ್ಟೇ.

ಬಿಟ್ಟು ನಾಲ್ಕು ತಿಂಗಳಾಯಿತು. ತಪ್ಪು ಮಾಡಿದೆ ಅನಿಸುತ್ತಿದೆ.

ನಾಲ್ಕು ತಿಂಗಳಿಗೆ ಯಾವ ಹೊಸ ಕೆಲಸವೂ ಹಾಗೆ ಅನಿಸುತ್ತದೆ, ಅದೊಂದನ್ನೇ ನೆಚ್ಚಿಕೊಳ್ಳಬೇಡಿ. ಆದರೆ ಇಂದೇ ಕಾಲೇಜಿಗೆ ಫೋನ್ ಮಾಡಿ ಮುಂದಿನ ಸೆಮಿಸ್ಟರ್‌ಗೆ ಮರುದಾಖಲಾತಿಯ ಗಡುವು ಯಾವಾಗ ಎಂದು ಕೇಳಿ. ಹೋಗುವುದು ಬಿಡುವುದು ಆಮೇಲೆ. ಗಡುವು ಗೊತ್ತಿರಲಿ.

ರೆಸ್ಯೂಮೆಯಲ್ಲಿ ಅರ್ಧ ಓದನ್ನು ಹೇಗೆ ಬರೆಯುವುದು?

ಇದ್ದದ್ದನ್ನು ಇದ್ದ ಹಾಗೆ. ಓದಿದ ಕೋರ್ಸ್, ಸಂಸ್ಥೆ, ಯಾವ ವರ್ಷದಿಂದ ಯಾವ ವರ್ಷಕ್ಕೆ, ಗಳಿಸಿದ ಕ್ರೆಡಿಟ್. ಪದವಿಯ ಹೆಸರು ಮಾತ್ರ ಬರೆದು, ಮುಗಿದಿಲ್ಲ ಎಂಬುದನ್ನು ಓದುವವರ ಊಹೆಗೆ ಬಿಡುವುದು ಸುಳ್ಳಿನ ತಮ್ಮ. 2007ರಲ್ಲಿ ಅಮೆರಿಕದ ಹೆಸರಾಂತ ವಿಶ್ವವಿದ್ಯಾಲಯ ಎಂಐಟಿಯ ಪ್ರವೇಶ ವಿಭಾಗದ ಡೀನ್ ಹುದ್ದೆಯಲ್ಲಿದ್ದವರು ರಾಜೀನಾಮೆ ಕೊಡಬೇಕಾಯಿತು. ಅಲ್ಲಿ ಕೆಲಸಕ್ಕೆ ಸೇರಿ 28 ವರ್ಷವಾಗಿತ್ತು, ಹೆಸರೂ ಚೆನ್ನಾಗಿತ್ತು; ಸೇರುವಾಗ ತನ್ನಲ್ಲಿ ಇಲ್ಲದ ಪದವಿಗಳನ್ನು ಇದೆ ಎಂದು ಬರೆದದ್ದು ಆಮೇಲೆ ಗೊತ್ತಾಯಿತು. ಅಷ್ಟು ವರ್ಷ ಮಾಡಿದ ಕೆಲಸಕ್ಕೆ ಆ ಪದವಿಗಳ ಅಗತ್ಯವೇ ಬಿದ್ದಿರಲಿಲ್ಲ ಎಂಬುದೇ ವಿಚಿತ್ರ.

ನನ್ನ ಹಳೆಯ ರೆಸ್ಯೂಮೆಯಲ್ಲಿ ಆರು ವರ್ಷ ಇದ್ದ ಸಾಲು ಇದು: ‘ಐದು ಸೆಮಿಸ್ಟರ್ ಪೂರೈಸಿದೆ, ಎರಡು ವಿಷಯ ಬಾಕಿ.’ ಸಂದರ್ಶನಗಳಲ್ಲಿ ಆ ಎರಡು ವಿಷಯ ಯಾವುವು ಎಂದು ಕೇಳಿದವರು ಒಬ್ಬರೇ. ಹೇಳಿದೆ. ಅವರು ನಕ್ಕು, ತಮಗೂ ಅದರಲ್ಲೊಂದು ಎರಡನೇ ಸಲಕ್ಕೆ ಪಾಸಾದದ್ದು ಎಂದರು.